ಬರೀ ಪಾಯಿಂಟ್ ಮೇಲೆ ಲಿಲಾವು: ಹುಬ್ಬಳ್ಳಿಯಲ್ಲಿ ಎಂಟು ತಂಡದ ಲೀಗ್ ನಡೆಸಿದ ನನ್ನ ಅನುಭವ

ರೊಕ್ಕ ಇಲ್ಲದೆ ಬರೀ ಪಾಯಿಂಟ್ ಮೇಲೆ ಆಟಗಾರರ ಲಿಲಾವು (ಹರಾಜು) ಮಾಡಿದರೆ ಕ್ರಿಕೆಟ್ ಲೀಗ್ ಎರಡನೇ ಭಾನುವಾರಕ್ಕೇ ಮುರಿದು ಬೀಳುತ್ತದೆ ಎಂದು ಹುಬ್ಬಳ್ಳಿ-ಧಾರವಾಡದ ಹಳೇ ಆಯೋಜಕರು ಬಹಳ ಮಂದಿ ಹೇಳಿದ್ದರು. ಮುರಿಯಲಿಲ್ಲ. ಎಂಟು ತಂಡ, 31 ಪಂದ್ಯ, ಒಂದೂ ವಾಕ್‌ಓವರ್ (ತಂಡ ಬಾರದೆ ಬಿಟ್ಟುಕೊಟ್ಟ ಪಂದ್ಯ) ಇಲ್ಲ. ಎಂಟೂ ಮಾಲಕರು ಮುಂದಿನ ಸೀಸನ್ನಿಗೆ ಈಗಲೇ ಮುಂಗಡ ಕೊಟ್ಟಿದ್ದಾರೆ. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ನಡೆಸಿ ಕೈ ಪಳಗಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೈದಾನದ ಪರವಾನಗಿ, ಅಂಪೈರ್ ಗೊತ್ತುಮಾಡುವುದು ನಿಮಗೆ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ.

ಮಾದರಿಗೆ ತೆಗೆದುಕೊಂಡದ್ದು ಐಪಿಎಲ್‌ನ 2008ರ ಮೊದಲ ಸೀಸನ್ನಿನ ನಿಯಮಗಳನ್ನು. ಈಗಿನ ನಿಯಮಗಳಲ್ಲಿ ಉಳಿಸಿಕೊಳ್ಳುವುದು, ಹಳೇ ಆಟಗಾರನನ್ನು ವಾಪಸ್ ಪಡೆಯುವುದು ಎಂದು ಬೆಳೆದ ಗಂಟು ಬಹಳ. ಹಿಂದುಮುಂದು ಇಲ್ಲದ ಎಂಟು ತಂಡಗಳನ್ನು ಒಂದೇ ಸಲ ಹುಟ್ಟಿಸಲು ಬರೆದ ನಿಯಮ ಅಂದರೆ 2008ರದ್ದೇ. ಅಲ್ಲಿ ತಂಡಗಳ ಮಾರಾಟ ಜನವರಿ 24ಕ್ಕೆ, ಆಟಗಾರರ ಹರಾಜು ಫೆಬ್ರವರಿ 20ಕ್ಕೆ, ಮೊದಲ ಚೆಂಡು ಏಪ್ರಿಲ್ 18ಕ್ಕೆ. ನಮ್ಮಲ್ಲಿ ಮಾಲಕರು ಗೊತ್ತಾದ ಮೇಲೆ ಲಿಲಾವಿಗೆ ನಾಲ್ಕು ವಾರ, ಲಿಲಾವಿನಿಂದ ಮೊದಲ ಪಂದ್ಯಕ್ಕೆ ಎರಡು ವಾರ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳ್ಳೆ ಬೌಲರುಗಳನ್ನು ಬೆಳಗಾವಿ, ದಾವಣಗೆರೆ ಕಡೆಯ ಟೂರ್ನಮೆಂಟಿನವರು ಎತ್ತಿಕೊಂಡು ಹೋಗುತ್ತಾರೆ.

ನಮ್ಮ ಭಾಗದ ನಾಕೌಟ್ ಟೂರ್ನಮೆಂಟುಗಳು ಯಾಕೆ ಸೊರಗಿದವು ಎಂಬುದು ಎಲ್ಲರಿಗೂ ಗೊತ್ತಿದೆ. 40 ತಂಡ ಎಂಟ್ರಿ ಕಟ್ಟುತ್ತವೆ, 20 ತಂಡ ಮೊದಲ ದಿನವೇ ಮನೆಗೆ ಹೋಗುತ್ತವೆ. ಫೈನಲ್ಲಿಗೆ ಬರುವ ಎರಡೂ ತಂಡಗಳಲ್ಲಿ ಬಾಡಿಗೆಗೆ ತಂದ ಹೊರಗಿನ ಹುಡುಗರೇ ಆರೇಳು ಜನ. ಊರಿನವರು ನೋಡಲು ಬರುವುದಾದರೂ ಯಾಕೆ? ನಿಜವಾದ ರೊಕ್ಕದ ಲಿಲಾವನ್ನೂ ಕೆಲವು ಕಡೆ ಮಾಡಿ ನೋಡಿದ್ದಾರೆ. ವೇದಿಕೆ ಮೇಲೆ 15 ಸಾವಿರ ಕೂಗಿದ ಮಾಲಕ ತಂಡ ಸೋತ ಮೇಲೆ ಫೋನ್ ಎತ್ತುವುದಿಲ್ಲ, ಆಟಗಾರ ಬಂದು ಆಯೋಜಕನ ಅಂಗಡಿ ಮುಂದೆ ನಿಲ್ಲುತ್ತಾನೆ. ಅದಕ್ಕೇ ಲಿಲಾವು ಪಾಯಿಂಟಿನಲ್ಲಿ, ರೊಕ್ಕ ಬಹುಮಾನದಲ್ಲಿ ಎಂದು ಬೇರೆ ಮಾಡಿದೆ.

ಲೆಕ್ಕ ಹೀಗೆ. ತಂಡಕ್ಕೆ 15 ಆಟಗಾರರು, ಪರ್ಸ್, ಅಂದರೆ ಖರ್ಚಿಗೆ ಸಿಗುವುದು, 1,00,000 ಪಾಯಿಂಟ್. 15ರಲ್ಲಿ ಒಬ್ಬ ಐಕಾನ್ (ಲಿಲಾವಿಗೆ ನಿಲ್ಲದೆ ನೇರವಾಗಿ ತಂಡಕ್ಕೆ ಸೇರುವ ಮುಖ್ಯ ಆಟಗಾರ), ಇಬ್ಬರು 19ರ ಒಳಗಿನವರು, ಉಳಿದ 12 ಲಿಲಾವಿನಿಂದ. ಮೂಲ ಬೆಲೆ ಸಿ ದರ್ಜೆಗೆ 2,000, ಬಿ ದರ್ಜೆಗೆ 4,000, ಎ ದರ್ಜೆಗೆ 8,000. ಹೆಸರು ಕೊಟ್ಟವರು 180ರ ಮೇಲಿದ್ದರು, ಬೇಕಾದವರು 120.

ಐಕಾನ್ ನಿಯಮವನ್ನು 2008ರಿಂದ ಹಾಗೇ ಎತ್ತಿದ್ದೇನೆ: ತಂಡ ಲಿಲಾವಿನಲ್ಲಿ ಯಾರಿಗೆ ಅತಿ ಹೆಚ್ಚು ಕೊಡುತ್ತದೋ ಅದರ ಮೇಲೆ ಶೇ 15 ಸೇರಿಸಿ ಐಕಾನ್‌ಗೆ. ಬೆಂಗಳೂರು ತಂಡ ಜಾಕ್ ಕಾಲಿಸ್‌ಗೆ 9 ಲಕ್ಷ ಡಾಲರ್ ಕೊಟ್ಟಿದ್ದರಿಂದ ದ್ರಾವಿಡ್ ಬೆಲೆ 10,35,000 ಆಯಿತು. ಹೈದರಾಬಾದಿನಲ್ಲಿ ಲಕ್ಷ್ಮಣ್ ಐಕಾನ್ ಸ್ಥಾನ ಬಿಟ್ಟುಕೊಟ್ಟರು, ತಂಡದ ಕೈಯಲ್ಲಿ ಹಣ ಉಳಿಯಲಿ ಎಂದು. ಆ ತಂಡ ಸೈಮಂಡ್ಸ್‌ಗೆ 13.5 ಲಕ್ಷ ಡಾಲರ್ ಕೊಟ್ಟಿತು. ಈ ನಿಯಮದ ಏಟು ಎಲ್ಲಿ ಬೀಳುತ್ತದೆ ಎಂಬುದು ಮಾಲಕರಿಗೆ ಲಿಲಾವಿನ ಅರ್ಧ ದಾರಿವರೆಗೂ ತಿಳಿಯುವುದಿಲ್ಲ. ಒಬ್ಬನಿಗೆ 30,000 ಕೂಗಿದರೆ ನಿಜವಾಗಿ ಹೋಗುವುದು 30,000 ಅಲ್ಲ, ಐಕಾನ್‌ನ 34,500 ಸೇರಿ 64,500. ಇದನ್ನು ಮೊದಲೇ ಕಟ್ಟಿಹಾಕದಿದ್ದರೆ ಸಂಜೆ ಹೊತ್ತಿಗೆ ಒಂದು ತಂಡದ ಹತ್ತಿರ ಒಂಬತ್ತೇ ಆಟಗಾರರಿದ್ದು ಪಾಯಿಂಟ್ ಸೊನ್ನೆ ಆಗಿರುತ್ತದೆ. ಲಿಲಾವು ಕೆಡುವುದು ಹತ್ತರಲ್ಲಿ ಎಂಟು ಸಲ ಇಲ್ಲೇ.

ಅದಕ್ಕೆ ಎಕ್ಸೆಲ್‌ನಲ್ಲಿ 'ಗರಿಷ್ಠ ಕೂಗು' ಎಂಬ ಒಂದು ಕಾಲಂ ಇಡಬೇಕು, ಪ್ರತಿ ಮಾರಾಟದ ನಂತರ ಅದು ತಾನೇ ಬದಲಾಗಬೇಕು. ಮೊದಲ ಹೆಸರು ಬರುವಾಗ 1,00,000ದಲ್ಲಿ 19ರ ಒಳಗಿನ ಹುಡುಗರಿಬ್ಬರ ನಿಗದಿ ಬೆಲೆ 4,000 ತೆಗೆಯಿರಿ, 96,000. ಈಗ ಕೊಳ್ಳುವವನನ್ನು ಬಿಟ್ಟು ಉಳಿದ 11 ಜಾಗಕ್ಕೆ ತಲಾ 2,000ದಂತೆ 22,000 ತೆಗೆಯಿರಿ, 74,000. ಅದನ್ನು 2.15ರಿಂದ (ಆಟಗಾರನಿಗೆ 1, ಐಕಾನ್‌ಗೆ 1.15) ಭಾಗಿಸಿದರೆ 34,400 ಚಿಲ್ಲರೆ. ಅಂದರೆ 34,000ಕ್ಕಿಂತ ಮೇಲೆ ಯಾರೂ ಕೂಗುವಂತಿಲ್ಲ. ಆಮೇಲೆ ಬರುವ ಆಟಗಾರರಿಗೆ ಲೆಕ್ಕ ಬೇರೆ. ಒಂದು ತಂಡ ಐವರನ್ನು 45,000ಕ್ಕೆ ತೆಗೆದುಕೊಂಡಿದೆ, ಅವರಲ್ಲಿ ದುಬಾರಿಯವನು 20,000 ಎನ್ನಿ. ಉಳಿದದ್ದು 51,000. ಐಕಾನ್‌ಗೆ 23,000, ಇನ್ನಾರು ಜಾಗಕ್ಕೆ 12,000 ತೆಗೆದರೆ ಈಗಿನ ಆಟಗಾರನಿಗೆ 16,000 ತನಕ ಹೋಗಬಹುದು. ಈ ಕಾಲಂ ಎಂಟೂ ತಂಡದ್ದು ಪ್ರೊಜೆಕ್ಟರಿನಲ್ಲಿ ಎಲ್ಲರಿಗೂ ಕಾಣಬೇಕು. ಕಂಡರೆ ಜಗಳ ಇಲ್ಲ. ಕೂಗುವವನ ಪಕ್ಕ ಲ್ಯಾಪ್‌ಟಾಪ್ ಹಿಡಿದವನೊಬ್ಬ, ಅವನ ಹಿಂದೆ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯುವವನು ಇನ್ನೊಬ್ಬ. ಕರೆಂಟು ಹೋದರೆ ನೋಟ್‌ಬುಕ್ಕೇ ಗತಿ.

ಕೂಗಿನ ಹೆಜ್ಜೆ 10,000ದವರೆಗೆ 500, ಅದರ ಮೇಲೆ 1,000. ಮೊದಲೇ ನಿಗದಿ ಮಾಡದಿದ್ದರೆ ಮಾಲಕರು ನೂರು ನೂರು ಏರಿಸುತ್ತ ಕೂತು, ಲಿಲಾವಿನ 96 ಜಾಗ ತುಂಬುವಷ್ಟರಲ್ಲಿ ಮಧ್ಯರಾತ್ರಿ ಆಗುತ್ತದೆ. ನಮ್ಮದು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಆರರ ಸುಮಾರಿಗೆ ಮುಗಿಯಿತು.

ಹೆಸರು ಕರೆಯುವ ಅನುಕ್ರಮವೇ ಲಿಲಾವಿನ ಜೀವ. ಎ ದರ್ಜೆಯವರನ್ನೆಲ್ಲ ಮೊದಲು ಮುಗಿಸಿದರೆ ಮಧ್ಯಾಹ್ನದ ಮೇಲೆ ಎಲ್ಲರೂ ಮೂಲ ಬೆಲೆಗೇ ಹೋಗುತ್ತಾರೆ, ಸಭಾಂಗಣ ನಿದ್ದೆ ಹೊಡೆಯುತ್ತದೆ. ಕೊನೆಗೆ ಇಟ್ಟರೆ ಬೆಳಿಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಎ, ಬಿ, ಸಿ ಬೆರೆಸಿ 12 ಹೆಸರಿನ ಕಟ್ಟು ಮಾಡಿ ಒಂದೊಂದು ಕಟ್ಟಿನಿಂದ ಚೀಟಿ ಎತ್ತಿಸುತ್ತೇನೆ. ಯಾವ ಕಟ್ಟಿನಲ್ಲಿ ಎಷ್ಟು ಎ, ಎಷ್ಟು ಬೌಲರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಸುಬಿನ ಗುಟ್ಟು, ಕುಳಿತು ಕೇಳಿದವರಿಗೂ ಹೇಳಿಲ್ಲ.

ಬೆಲೆಯನ್ನು ಹೆಸರಿಗಿಂತ ಹೆಚ್ಚು ನಿರ್ಧರಿಸುವುದು ಆಟಗಾರ ಎಷ್ಟು ದಿನ ಸಿಗುತ್ತಾನೆ ಎಂಬುದು. 2008ರಲ್ಲಿ ಧೋನಿಗೆ 15 ಲಕ್ಷ ಡಾಲರ್ ಬಂದಾಗ ರಿಕಿ ಪಾಂಟಿಂಗ್ 4 ಲಕ್ಷಕ್ಕೆ ಹೋದರು, ಯಾಕೆಂದರೆ ಆಸ್ಟ್ರೇಲಿಯಾದವರು ಮಧ್ಯದಲ್ಲೇ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೊರಡಬೇಕಿತ್ತು. ಮೊದಲ ಪಂದ್ಯದಲ್ಲೇ 73 ಚೆಂಡಿಗೆ ಅಜೇಯ 158 ಹೊಡೆದ ಮೆಕಲಮ್ ಕೋಲ್ಕತ್ತಕ್ಕೆ ಆ ಸೀಸನ್ನಿನಲ್ಲಿ ಆಡಿದ್ದು ನಾಲ್ಕೇ ಪಂದ್ಯ, ನ್ಯೂಜಿಲೆಂಡ್ ತಂಡದ ಇಂಗ್ಲೆಂಡ್ ಪ್ರವಾಸ ಇತ್ತು. ನಮ್ಮ ಹುಡುಗರಿಗೆ ಇಂಗ್ಲೆಂಡ್ ಪ್ರವಾಸ ಇಲ್ಲ, ಆದರೆ ಅಕ್ಕನ ಮದುವೆ, ಪೊಲೀಸ್ ಪರೀಕ್ಷೆ, ಕಾರ್ಖಾನೆಯ ಶಿಫ್ಟು ಇದೆ. ಅರ್ಜಿಯಲ್ಲಿ ಏಳೂ ಆಟದ ದಿನದ ಮುಂದೆ ಬರುತ್ತೇನೆ, ಬರುವುದಿಲ್ಲ ಎಂದು ಗುರುತು ಹಾಕಿಸಿ, ಹೆಸರು ಕರೆಯುವಾಗ ಅದನ್ನೇ ಪರದೆ ಮೇಲೆ ತೋರಿಸಿ. ನಮ್ಮಲ್ಲಿ ವಾಕ್‌ಓವರ್ ಆಗದಿರಲು ಇದೇ ದೊಡ್ಡ ಕಾರಣ.

2008ರ ಐಪಿಎಲ್‌ನಲ್ಲಿ ಪ್ರತಿ ತಂಡವೂ ತನ್ನ ಪ್ರದೇಶದ ನಾಲ್ವರನ್ನು ಇಟ್ಟುಕೊಳ್ಳಬೇಕಿತ್ತು, 22ರ ಒಳಗಿನ ನಾಲ್ವರು ಬೇಕಿತ್ತು, ವಿದೇಶಿಯರು ತಂಡದಲ್ಲಿ ಎಂಟು, ಆಡುವ ಹನ್ನೊಂದರಲ್ಲಿ ನಾಲ್ಕು. ಬೆಂಗಳೂರು ತಂಡದಲ್ಲಿ ನಮ್ಮ ಗದಗಿನ ಸುನೀಲ್ ಜೋಶಿ ಇದ್ದರು ಎಂದರೆ ಇಲ್ಲಿಯ ಹುಡುಗರ ಕಿವಿ ಇವತ್ತಿಗೂ ನಿಮಿರುತ್ತದೆ. ನಾನು ಮಾಡಿದ್ದು: ಉಣಕಲ್, ಕೇಶ್ವಾಪುರ, ಹಳೇಹುಬ್ಬಳ್ಳಿ, ಗೋಕುಲ ರಸ್ತೆ, ನವನಗರ, ಧಾರವಾಡದ ಸಪ್ತಾಪುರ ಹೀಗೆ ತಂಡಕ್ಕೊಂದು ಭಾಗ, ಆ ಭಾಗದವರು ಕನಿಷ್ಠ ಐದು, ಜಿಲ್ಲೆಯ ಹೊರಗಿನವರು ಗರಿಷ್ಠ ಮೂರು, ಆಡುವವರಲ್ಲಿ ಎರಡೇ. ಊರು ನೋಡಲು ಬಂದದ್ದು ಈ ಐವರಿಗಾಗಿ. ಒಬ್ಬೊಬ್ಬನ ಹಿಂದೆ ಒಂದು ಓಣಿ ಬರುತ್ತದೆ, ಗಿರಮಿಟ್ ಗಾಡಿಯವನು ಮಧ್ಯಾಹ್ನಕ್ಕೇ ಚುರಮುರಿ ಮುಗಿಯಿತು ಎನ್ನುತ್ತಾನೆ.

19ರ ಒಳಗಿನವರನ್ನು ಲಿಲಾವಿಗೆ ನಿಲ್ಲಿಸಬೇಡಿ. ಎಲ್ಲರ ಮುಂದೆ ಯಾರೂ ಕೂಗದ ಹುಡುಗ ಮರುದಿನ ಮೈದಾನಕ್ಕೇ ಬರುವುದಿಲ್ಲ. 2008ರಲ್ಲೂ ಅವರಿಗೆ ಡ್ರಾಫ್ಟ್ (ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಇತ್ತು, ಬೆಲೆ ನಿಗದಿ. ದೆಹಲಿಯವರು ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು, ಕೊಹ್ಲಿ ಬೆಂಗಳೂರಿಗೆ ಬಂದರು. ನಮ್ಮಲ್ಲಿ ಚೀಟಿ ಎತ್ತಿ ಸರದಿ, ಎರಡನೇ ಸುತ್ತಿಗೆ ಸರದಿ ತಿರುಗುಮುರುಗು.

ಮಾಲಕರು ಕೈ ಬಿಗಿ ಹಿಡಿಯಲು 2008ರ ರಾಜಸ್ಥಾನ ತಂಡದ ಉದಾಹರಣೆ ಕೊಡುತ್ತಾರೆ: ಎಲ್ಲಕ್ಕಿಂತ ಅಗ್ಗದ ತಂಡ ಕಪ್ ಗೆದ್ದಿತಲ್ಲ ಎಂದು. ಗೆದ್ದದ್ದು ಉಳಿಸಿದ ಹಣದಿಂದಲ್ಲ. 22 ವಿಕೆಟ್ ತೆಗೆದ ಸೊಹೈಲ್ ತನ್ವೀರ್, ಸರಣಿ ಶ್ರೇಷ್ಠ ವಾಟ್ಸನ್, ಫೈನಲ್‌ನಲ್ಲಿ 56 ಹೊಡೆದು 3 ವಿಕೆಟ್ ತೆಗೆದ ಯೂಸುಫ್ ಪಠಾಣ್, ಗೋವಾದ ಅಸ್ನೋಡ್ಕರ್. ಬೇರೆಯವರು ನೋಡದ ಜಾಗದಲ್ಲಿ ನೋಡಿ ಕೊಂಡವರು ಅವರು. ಪಾಯಿಂಟ್ ಮನೆಗೆ ಒಯ್ಯಲಾಗುವುದಿಲ್ಲ, ಖರ್ಚು ಮಾಡಿ ಎಂದು ಲಿಲಾವಿನ ಹಿಂದಿನ ರಾತ್ರಿ ಎಂಟೂ ಮಾಲಕರಿಗೆ ಹೇಳಿದ್ದೆ. ಆರು ಮಂದಿ ಕೇಳಿದರು.

ಒಂದು ಪ್ರಯೋಗವನ್ನೂ ಮಾಡಿದ್ದೇವೆ. ಇಬ್ಬರು ಮಾಲಕರು ಹಠಕ್ಕೆ ಬಿದ್ದು ಇಬ್ಬರೂ ತಮ್ಮ ಗರಿಷ್ಠ ಕೂಗಿಗೆ ಬಂದು ನಿಂತರೆ ಏನು? ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರಿನಂತೆ ಮುಚ್ಚಿದ ಬೆಲೆ ಬರೆಸಿದೆ. ಪರ್ಸಿನಿಂದ ಮತ್ತೆ ತೆಗೆಯಲು ಬರುವುದಿಲ್ಲವಾದ್ದರಿಂದ ಮುಂದಿನ ಸೀಸನ್ನಿನ ಪರ್ಸಿನಿಂದ ಎಷ್ಟು ಬಿಡುತ್ತೀರಿ ಎಂದು ಚೀಟಿಯಲ್ಲಿ ಬರೆಯಬೇಕು. ಚೆನ್ನಾಗಿ ನಡೆಯಿತು, ಒಂದೇ ಷರತ್ತು: 5,000ಕ್ಕೆ ಮಿತಿ ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಆ ತಂಡವೇ ಇರುವುದಿಲ್ಲ. ರಾತ್ರಿ ಲೈಟಿನ ಪಂದ್ಯವನ್ನೂ ನೋಡಿದೆವು. ಇಬ್ಬನಿಗೆ ಟೆನಿಸ್ ಬಾಲ್ ನೆನೆದು ಭಾರವಾಗುತ್ತದೆ, ಎರಡನೇ ಬ್ಯಾಟಿಂಗಿನಲ್ಲಿ ಚೆಂಡು ದೂರ ಹೋಗುವುದಿಲ್ಲ, ಟಾಸೇ ಪಂದ್ಯ ಆಗಿಬಿಡುತ್ತದೆ. ಬಿಟ್ಟೆವು.

ಆಡುವ ಕಾಲ ಸಂಕ್ರಾಂತಿ ಮುಗಿದ ಮೇಲಿನ ನಾಲ್ಕು ವಾರ. ಶನಿವಾರ, ಭಾನುವಾರ ದಿನಕ್ಕೆ ಐದರಂತೆ ಹತ್ತು ಓವರಿನ ಪಂದ್ಯ, ಒಂದಕ್ಕೆ ಒಂದೂವರೆ ಗಂಟೆ. 28 ಲೀಗ್ ಪಂದ್ಯ ಆರು ದಿನಕ್ಕೆ, ಏಳನೇ ದಿನ ಎರಡು ಸೆಮಿಫೈನಲ್, ಒಂದು ಫೈನಲ್. ಶಿವರಾತ್ರಿಯ ಮರುದಿನ ಸಿದ್ಧಾರೂಢರ ತೇರು, ಅಂದು ಹುಬ್ಬಳ್ಳಿಯಲ್ಲಿ ಪಂದ್ಯ ಇಡುವುದೇ ಬೇಡ. ಮಾರ್ಚ್ ಬಂದರೆ ಪರೀಕ್ಷೆ, ಏಪ್ರಿಲ್-ಮೇ ಅಡ್ಡಮಳೆ. ನಮ್ಮ ಕರಿಮಣ್ಣು ಒಮ್ಮೆ ನೆನೆದರೆ ಎರಡು ದಿನ ಬೂಟಿಗೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಮೈದಾನದ ಬಿರುಕಿಗೆ ಜರಡಿ ಹಿಡಿದ ಅದೇ ಮಣ್ಣು ತುಂಬಿ, ಸಂಜೆ ನೀರು ಹೊಡೆದು, ಬೆಳಿಗ್ಗೆ ರೋಲರ್ ಎಳೆಯಿರಿ. ಗರಸು (ಕಲ್ಲುಮಣ್ಣು) ತುಂಬಿದರೆ ಎರಡೇ ದಿನಕ್ಕೆ ಮೇಲೆದ್ದು ಮೊಣಕಾಲು ಕೆತ್ತುತ್ತದೆ. ಗರಸಿನ ಜಾಗ ಪಿಚ್ಚಿಗೆ ಹಾಸುವ ಮ್ಯಾಟಿನ ಕೆಳಗೆ. 66 ಅಡಿ ಉದ್ದ, 8 ಅಡಿ ಅಗಲದ ನಾರಿನ ಮ್ಯಾಟನ್ನು ನೀರು ಚಿಮುಕಿಸಿ ಇಬ್ಬದಿ ಎಳೆದು, ಅರ್ಧ ಅಡಿಯ ಮೊಳೆಯನ್ನು ಎರಡು ಅಡಿಗೊಂದರಂತೆ ತಲೆ ಮುಳುಗುವ ತನಕ ಹೊಡೆಯಬೇಕು. ಬೌಲರ್ ಕಾಲಿಡುವ ಕಡೆ ಅಂಚು ಏಳುತ್ತದೆ, ಪ್ರತಿ ಪಂದ್ಯದ ನಡುವೆ ನೋಡಿ.

ನೆಟ್ ರನ್‌ರೇಟ್ (ಓವರಿಗೆ ಹೊಡೆದ ರನ್ನಿನಿಂದ ಓವರಿಗೆ ಕೊಟ್ಟ ರನ್ ಕಳೆದ ಲೆಕ್ಕ) ಬಗ್ಗೆ ಮಾಲಕರು ತಕರಾರು ತೆಗೆಯುವುದು ಆಲೌಟ್ ಆದಾಗ. 2008ರ ಐಪಿಎಲ್‌ನ ಮೊದಲ ಪಂದ್ಯವನ್ನೇ ತೋರಿಸಿ: ಕೋಲ್ಕತ್ತ 20 ಓವರಿಗೆ 222, ಅಂದರೆ 11.10. ಬೆಂಗಳೂರು 15.1 ಓವರಿಗೆ 82ಕ್ಕೆ ಆಲೌಟ್, ಆದರೂ ಭಾಗಿಸುವುದು 20ರಿಂದ, 4.10. ವ್ಯತ್ಯಾಸ 7.00. ಕ್ರಿಕ್‌ಹೀರೋಸ್ ಆ್ಯಪ್‌ನಲ್ಲಿ ಸ್ಕೋರ್ ಹಾಕಿದರೂ ಇದನ್ನು ಕೈಯಲ್ಲಿ ಒಮ್ಮೆ ತಾಳೆ ನೋಡುತ್ತೇನೆ.

ರೊಕ್ಕದ ಲೆಕ್ಕ, ನೆನಪಿನಿಂದ. ಬಂದದ್ದು: ಮಾಲಕರಿಂದ ತಲಾ 40 ಸಾವಿರ, 3.2 ಲಕ್ಷ, ಮುಖ್ಯ ಪ್ರಾಯೋಜಕರಿಂದ 60 ಸಾವಿರ, ಆಟಗಾರರ ತಲಾ 200ರಿಂದ 36 ಸಾವಿರ. ಹೋದದ್ದು: ಬಹುಮಾನ 90 ಸಾವಿರ, ಜೆರ್ಸಿ 50, ಯೂಟ್ಯೂಬ್ ನೇರ ಪ್ರಸಾರ 49, ಮೈದಾನ-ನೀರು-ರೋಲರ್ 40, ಅಂಪೈರ್ 31, ಪೆಂಡಾಲು-ಮೈಕು 21, ಟ್ರೋಫಿ 20, ಊಟ 17, ಸಭಾಂಗಣ 15, ಪಂದ್ಯಶ್ರೇಷ್ಠರಿಗೆ 15, ಚೆಂಡು 12, ಪ್ರಥಮ ಚಿಕಿತ್ಸೆ 10, ಸ್ಕೋರರ್ 8. ಉಳಿದ 37-38 ಸಾವಿರ ಹೊಸ ಮ್ಯಾಟಿಗೆ. ಮಾಲಕರ ಹಣವನ್ನು ಲಿಲಾವಿಗೆ ಮೊದಲು ಪೂರ್ತಿ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಅರ್ಧ ಮೊದಲು, ಅರ್ಧ ಆಮೇಲೆ ಎಂದವರಿಗೆ ಪ್ಯಾಡಲ್ (ಕೂಗುವಾಗ ಎತ್ತುವ ಹಲಗೆ) ಕೊಡಲಿಲ್ಲ, ಒಬ್ಬರು ಎದ್ದು ಹೋದರು, ಆ ಜಾಗಕ್ಕೆ ಸಂಜೆಯೊಳಗೆ ಇಬ್ಬರು ಬಂದರು.

ಗೆದ್ದವರಿಗೆ 60 ಸಾವಿರ. ಅದರಲ್ಲಿ ಶೇ 70, ಅಂದರೆ 42 ಸಾವಿರ, 15 ಆಟಗಾರರಿಗೆ ತಲಾ 2,800. ಬೆಂಚಿನ ಮೇಲೆ ಕೂತವನಿಗೂ ಅಷ್ಟೇ. ಈ ಹಣವನ್ನು ಮಾಲಕರ ಕೈಗೆ ಕೊಡುವುದಿಲ್ಲ. ಅರ್ಜಿಯಲ್ಲೇ ಆಟಗಾರರ ಯುಪಿಐ ನಂಬರ್ ಬರೆಸಿಕೊಂಡು, ಲಿಲಾವಿನ ದಿನ ಒಂದು ರೂಪಾಯಿ ಕಳಿಸಿ ಹೆಸರು ತಾಳೆ ನೋಡಿ, ಫೈನಲ್ ಮುಗಿದು ಟ್ರೋಫಿ ಎತ್ತುವ ಮುಂಚೆ ಎಲ್ಲರ ಫೋನಿಗೂ ಹಾಕಿಬಿಡಬೇಕು. ಮಾಲಕರ ಪಾಲು 18 ಸಾವಿರ ಚೆಕ್ಕಿನಲ್ಲಿ, ಸೋಮವಾರ.