ಟೆಕ್ ಮೇಳಕ್ಕೆ ಹೊರಟಿದ್ದೀರಾ? ನಿಮ್ಮದೇ ಒಂದು ಕೆಲಸ ಜೇಬಿನಲ್ಲಿರಲಿ

ಮೊದಲು ದಾರಿ. ಬೆಂಗಳೂರಿನಲ್ಲಿ ಇಂಥ ಮೇಳಗಳು ನಡೆಯುವ ಬಿಐಇಸಿ ಪ್ರದರ್ಶನ ಕೇಂದ್ರಕ್ಕೆ ಕಾರು ತರಬೇಡಿ. ಹಸಿರು ಮಾರ್ಗದ ಮೆಟ್ರೋ ಮೊದಲು ನಾಗಸಂದ್ರಕ್ಕೇ ನಿಲ್ಲುತ್ತಿತ್ತು, ಅಲ್ಲಿಂದ ಆಟೋದವರ ಜೊತೆ ಚೌಕಾಸಿ. 2024ರ ನವೆಂಬರ್‌ನಿಂದ ಮಾದಾವರದವರೆಗೂ ಹೋಗುತ್ತದೆ. ಇಳಿದರೆ ಪಕ್ಕದಲ್ಲೇ ಮೇಳ. 2025ರಲ್ಲಿ ಬೆಂಗಳೂರು ಟೆಕ್ ಸಮ್ಮಿಟ್ ಕೂಡ ಅರಮನೆ ಮೈದಾನ ಬಿಟ್ಟು ಇಲ್ಲಿಗೇ ಬಂತು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಮಧ್ಯಾಹ್ನದ ಮೇಲೆ ಮಳಿಗೆಯವರಿಗೂ ಸಾಕಾಗಿರುತ್ತದೆ, ನಮಗೂ ಕಾಲು ನೋವು.

ಇನ್ನು ನನ್ನ ಪೆದ್ದುತನದ ಕಥೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮೇಳದ ಮೂಲೆ ಮಳಿಗೆಯಲ್ಲಿ 1 ಟಿಬಿ ಪೆನ್‌ಡ್ರೈವ್ 600 ರೂಪಾಯಿಗೆ ಸಿಕ್ಕಿತು. ಕಂಪ್ಯೂಟರಿಗೆ ಹಾಕಿದರೆ 1 ಟಿಬಿ ಅಂತಲೇ ತೋರಿಸಿತು. ತಂಗಿ ಮದುವೆಯ ಫೋಟೋಗಳನ್ನೆಲ್ಲ ತುಂಬಿದೆ. ಒಂದು ತಪ್ಪೂ ತೋರಿಸದೆ ಕಾಪಿ ಆಯಿತು. ತಿಂಗಳಾದ ಮೇಲೆ ತೆರೆದರೆ ಚಪ್ಪರದ ಫೋಟೋಗಳಿವೆ, ಧಾರೆ ಹೊತ್ತಿಗೆ ಬರೀ ಬೂದು ಬಣ್ಣದ ಚೌಕ! ಒಳಗಿದ್ದದ್ದು 32 ಜಿಬಿ ಚಿಪ್. ಅದನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್ ಮಾತ್ರ 1 ಟಿಬಿ ಅಂತ ಸುಳ್ಳು ಹೇಳುತ್ತಿತ್ತು. ಫೋಟೋಗ್ರಾಫರ್ ಹತ್ತಿರ ಇನ್ನೊಂದು ಪ್ರತಿ ಇತ್ತು, ಬಚಾವಾದೆ. ಇಂಥದ್ದು ಕೊಂಡಿದ್ದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಪರೀಕ್ಷೆಯ ತಂತ್ರಾಂಶ ಓಡಿಸಿ. ಪೂರ್ತಿ ಬರೆದು, ಮತ್ತೆ ಓದಿ, ನಿಜವಾದ ಅಳತೆ ಹೇಳುತ್ತವೆ.

ಅಂದಿನಿಂದ ನನ್ನದು ಒಂದೇ ನಿಯಮ. ಅವರು ತೋರಿಸಿದ್ದನ್ನು ನೋಡಿ ಬರುವುದಲ್ಲ, ನಮ್ಮ ಕೆಲಸ ಮಾಡಿಸಿ ನೋಡುವುದು.

ಲ್ಯಾಪ್‌ಟಾಪ್ ಮುಂದೆ ನಿಂತರೆ ಮೊದಲು ಕೇಳಿ: 'ಚಾರ್ಜರ್ ಕೀಳಬಹುದಾ?' ಕಿತ್ತ ಮೇಲೆ, ಅಲ್ಲಿಯವರೆಗೆ ಸಲೀಸಾಗಿ ಓಡುತ್ತಿದ್ದ ಗೇಮ್ ತಡವರಿಸುತ್ತದಾ ನೋಡಿ. ಆಮೇಲೆ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳನ್ನು ಇಡುವ ಡ್ರೈವ್. ನಿಮ್ಮ ಡ್ರೈವ್ ಚುಚ್ಚಲು ಎಷ್ಟೋ ಕಡೆ ಬಿಡುವುದಿಲ್ಲ, ವೈರಸ್ ಭಯ ಅವರಿಗೂ ಇರುತ್ತದಲ್ವಾ. ಆಗ ಅದರಲ್ಲೇ ಇರುವ ದೊಡ್ಡ ಫೋಲ್ಡರ್ ಒಂದನ್ನು ಕಾಪಿ ಮಾಡಿಸಿ. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗಳು ಸ್ವಲ್ಪ ಜಾಗವನ್ನು ವೇಗದ ಕ್ಯಾಶ್, ಅಂದರೆ ತಾತ್ಕಾಲಿಕ ಜಾಗ ಮಾಡಿಕೊಂಡಿರುತ್ತವೆ. ಅದು ತುಂಬುವವರೆಗೆ ಕಾಪಿ ವೇಗದ ಗ್ರಾಫ್ ಎದ್ದು ನಿಂತಿರುತ್ತದೆ, ತುಂಬಿದ ಮೇಲೆ ಧೊಪ್ಪನೆ ಬೀಳುತ್ತದೆ. ಮಳಿಗೆಯವರು ಮೊದಲ ಹತ್ತು ಸೆಕೆಂಡ್ ತೋರಿಸಿ ಪರದೆ ಮೇಲಿನ ಆ ಕಿಟಕಿ ಮುಚ್ಚುತ್ತಾರೆ. ಗ್ರಾಫ್ ಬೀಳುವವರೆಗೂ ನೀವು ಕದಲಬೇಡಿ.

ಪವರ್ ಬ್ಯಾಂಕ್‌ಗೆ ಗುಣಾಕಾರ ಸಾಕು. 20,000 ಎಂಎಎಚ್ ಅಂದರೆ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ 74 ವ್ಯಾಟ್‌ಅವರ್. ಯುಎಸ್‌ಬಿಯ 5 ವೋಲ್ಟ್‌ಗೆ ಏರಿಸಿದರೆ ಅದೇ 14,800 ಆಗುತ್ತದೆ. ಬಿಸಿಯಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು 12-13 ಸಾವಿರ. ಡಬ್ಬಿ ತಿರುಗಿಸಿ 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಹುಡುಕಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಬೇರೆ ಕಂಪನಿ ಹೆಸರು ಬಂದರೆ ಸುಮ್ನೆ ಡಬ್ಬಿ ಕೆಳಗಿಟ್ಟು ಮುಂದೆ ಹೋಗಿ.

ಯಾರ ಹತ್ತಿರ ಮಾತಾಡಬೇಕು ಅನ್ನುವುದೂ ಮುಖ್ಯ. ಮುಂದೆ ಬ್ಲೇಜರ್ ಹಾಕಿ ನಗುವವರನ್ನು ದಾಟಿ, ಹಿಂದೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತವರನ್ನು ಹಿಡಿಯಿರಿ. ಅಂಗಡಿಗೆ ಯಾವಾಗ ಬರುತ್ತದೆ, ಬೆಂಗಳೂರಲ್ಲಿ ರಿಪೇರಿ ಎಲ್ಲಿ, ಕೇಳಿ. 2019ರಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಟೆಕ್ ಮೇಳದಲ್ಲಿ ಎಲ್‌ಜಿಯ ಸುರುಳಿ ಸುತ್ತುವ ಟಿವಿ ನೋಡಿ ಎಲ್ಲರೂ ಬಾಯಿ ಬಿಟ್ಟೆವು. ಕೊರಿಯಾದಲ್ಲೇ ಮಾರಾಟ ಶುರುವಾಗಿದ್ದು 2020ರ ಅಕ್ಟೋಬರ್‌ನಲ್ಲಿ, ಬೆಲೆ 10 ಕೋಟಿ ವೋನ್!

ನನ್ನನ್ನು ಕೇಳಿದರೆ ಗ್ಯಾಜೆಟ್ ಮೇಳಕ್ಕಿಂತ ಎಲೆಕ್ಟ್ರಾನಿಕ್ ಬಿಡಿಭಾಗ, ಅವನ್ನು ಜೋಡಿಸುವ ಯಂತ್ರಗಳ ಮೇಳಗಳಾದ ಎಲೆಕ್ಟ್ರಾನಿಕಾ, ಪ್ರೊಡಕ್ಟ್ರಾನಿಕಾ ಜಾಸ್ತಿ ಮಜಾ. 2023 ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಇವು ಬಿಐಇಸಿಯಲ್ಲೇ ನಡೆದವು. ಅಲ್ಲಿ ಬಿಡಿಭಾಗ ಎತ್ತಿ ಬೋರ್ಡ್ ಮೇಲೆ ಕೂರಿಸುವ ಪಿಕ್ ಅಂಡ್ ಪ್ಲೇಸ್ ಯಂತ್ರದ ಗಾಜಿನ ಮುಂದೆ ಎಷ್ಟು ಹೊತ್ತು ನಿಂತರೂ ಬೇಜಾರಾಗುವುದಿಲ್ಲ. 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ರೆಸಿಸ್ಟರ್, ಸಾಸಿವೆ ಕಾಳಿಗಿಂತ ಸಣ್ಣದು. ಗಾಳಿಯಲ್ಲಿ ಹೀರಿ, ಕ್ಯಾಮೆರಾದಲ್ಲಿ ನೋಡಿ, ಸರಿಯಾಗಿ ತಿರುಗಿಸಿ, ಬೋರ್ಡ್ ಮೇಲೆ ಟಕ್ ಟಕ್ ಇಡುತ್ತಾ ಹೋಗುತ್ತದೆ. ನಾನು ಟ್ವೀಜರ್‌ನಲ್ಲಿ ಅಂಥದ್ದೊಂದನ್ನು ಕೂರಿಸಲು ಹೋಗಿ ಸೀನಿ, ಕಳೆದುಕೊಂಡು, ಅರ್ಧ ಗಂಟೆ ನೆಲ ಗುಡಿಸಿದ್ದೇನೆ.

'ಇವತ್ತು ಮಾತ್ರ ಈ ಬೆಲೆ' ಅಂದರೆ ಫೋಟೋ ತೆಗೆದುಕೊಂಡು ಬನ್ನಿ. ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಮೂರು ಅಂಗಡಿ ವಿಚಾರಿಸಿ, ಬಿಲ್ ಸಹಿತ ಎಷ್ಟು ಅಂತ ಕೇಳಿ.

ಅಂದಹಾಗೆ ಆ ಪೆನ್‌ಡ್ರೈವ್ ಎಸೆದಿಲ್ಲ. ಎಫ್3ಯಲ್ಲಿ ಪಾರ್ಟಿಷನ್ ಸರಿಮಾಡಿದೆ, ಈಗ ತಾನು 32 ಜಿಬಿ ಅಂತಲೇ ಒಪ್ಪಿಕೊಳ್ಳುತ್ತದೆ. ಗೆಳೆಯರ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಲು ಅದನ್ನೇ ಒಯ್ಯುತ್ತೇನೆ.