ಕಯಾಕ್ ಹುಟ್ಟು ಹಾಕುವುದು ರಟ್ಟೆಯಿಂದಲ್ಲ, ನಡುವಿನಿಂದ

ಹೋದ ದೀಪಾವಳಿ ರಜೆಯಲ್ಲಿ ಬಾಗಲಕೋಟೆಯ ಹಿನ್ನೀರಿನಲ್ಲಿ ನನ್ನ ಅಕ್ಕನ ಮಗನಿಗೆ ಕಯಾಕ್ ಕಲಿಸಿದೆ. ಕಯಾಕ್ ಅಂದರೆ ಕಾಲು ಚಾಚಿ ಕೂರುವ ಸಣ್ಣ ಕಿರಿದಾದ ದೋಣಿ; ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಬ್ಲೇಡ್, ಅಂದರೆ ಅಗಲವಾದ ಹಲಗೆ, ಇರುತ್ತದೆ. ಹತ್ತು ನಿಮಿಷಕ್ಕೇ "ಮಾಮಾ, ರಟ್ಟಿ ಸೋತು ಹೋದ್ವು" ಅಂದ. ದಿನಾ ಕಬಡ್ಡಿ ಆಡುವ ಹುಡುಗ, ಶಕ್ತಿಗೇನೂ ಕೊರತೆ ಇಲ್ಲ. ಆದರೆ ನಡು ತಿರುಗಿಸದೆ ರಟ್ಟೆಯಿಂದಷ್ಟೇ ಹುಟ್ಟು ಎಳೆಯುತ್ತಿದ್ದ.

ನಮ್ಮವ್ವ ಕಂಬಕ್ಕೆ ಕಡೆಗೋಲು ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದಳು. ಹಗ್ಗದ ಒಂದು ತುದಿ ಹಿಂದೆ ಬಂದರೆ ಇನ್ನೊಂದು ಮುಂದೆ ಹೋಗುತ್ತದೆ. ಅದರ ಜೊತೆ ಹೆಗಲು, ಬೆನ್ನು, ನಡು ಎಲ್ಲಾ ತಿರುಗುತ್ತವೆ. ಹುಟ್ಟು ಹಾಕುವುದೂ ಹಾಗೆಯೇ.

ಮೊದಲು ನೆಟ್ಟಗೆ ಕೂರಿ. ಹಿಂದಕ್ಕೆ ಒರಗಿದರೆ ನಡು ತಿರುಗುವುದಿಲ್ಲ. ಪಾದಗಳು ಫುಟ್‌ರೆಸ್ಟ್‌ಗೆ ತಾಗಿರಲಿ, ಮೊಣಕಾಲು ಸ್ವಲ್ಪ ಮಡಚಿರಲಿ. ಹುಟ್ಟನ್ನು ತಲೆಯ ಮೇಲೆ ಇಟ್ಟು ನೋಡಿ. ಎರಡೂ ಮೊಣಕೈ ಗೋಡೆಯ ಮೂಲೆಯಂತೆ 90 ಡಿಗ್ರಿ ಮಡಚಿದರೆ ಹಿಡಿತದ ಅಂತರ ಸರಿ. ಬ್ಲೇಡಿನ ತಗ್ಗಾದ ಮುಖ ನಿಮ್ಮ ಕಡೆ ಇರಬೇಕು. ಬಿಗಿಯಾಗಿ ಹಿಡಿಯಬೇಡಿ, ಮುಂಗೈ ಹಿಡಿದುಕೊಳ್ಳುತ್ತದೆ.

ಈಗ ಬಲಗಡೆ ಹಾಕೋಣ. ಬಲ ಹೆಗಲು ಮುಂದೆ ಬರುವಂತೆ ಮೈ ತಿರುಗಿಸಿ. ಬ್ಲೇಡನ್ನು ಬಲ ಪಾದದ ಪಕ್ಕ, ದೋಣಿಗೆ ಹತ್ತಿರವೇ, ಪೂರ್ತಿ ಮುಳುಗಿಸಿ. ಮುಳುಗುವ ಮೊದಲೇ ಎಳೆಯಬೇಡಿ. ಆ ಅವಸರಕ್ಕೆ ನೀರು ಸುಮ್ನೆ ಚಿಮ್ಮುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಮುಳುಗಿದ ಮೇಲೆ ಬಲಗಾಲು ಒತ್ತುತ್ತಾ ಮೈಯನ್ನು ಹಿಂದಕ್ಕೆ ತಿರುಗಿಸಿ. ಎಡಗೈ ಕಣ್ಣಿನ ಮಟ್ಟಕ್ಕಿಂತ ಮೇಲೇಳದೆ ಮುಂದೆ ಸಾಗಲಿ. ಬ್ಲೇಡ್ ಸೊಂಟದ ಪಕ್ಕ ಬಂದ ತಕ್ಷಣ ಮೇಲೆತ್ತಿ. ಅಲ್ಲಿಂದ ಹಿಂದೆಯೂ ಎಳೆದರೆ ನೀರನ್ನು ಎತ್ತಿದಂತಾಗುತ್ತದೆ, ದೋಣಿಯ ಮೂತಿಯೂ ಪಕ್ಕಕ್ಕೆ ಹೊರಳುತ್ತದೆ. ಎತ್ತುವ ಹೊತ್ತಿಗೆ ಮೈ ಎಡಗಡೆಗೆ ಸಿದ್ಧವಾಗಿಯೇ ಇರುತ್ತದೆ, ಅಲ್ವಾ? ಅದೇ ಲಯ.

ಎಡಕ್ಕೆ ತಿರುಗಬೇಕಾದರೆ ಬಲಗಡೆ ಪಾದದಿಂದ ದೋಣಿಯ ಹಿಂಬದಿವರೆಗೆ ದೊಡ್ಡ ಅರ್ಧಚಂದ್ರ ಬಿಡಿಸಿ. ನಿಲ್ಲಿಸಲು ಎರಡೂ ಕಡೆ ಹಿಂದಿನಿಂದ ಮುಂದಕ್ಕೆ ಸಣ್ಣಸಣ್ಣದಾಗಿ ತಳ್ಳಿ.

ಗಾಳಿಯ ಬಗ್ಗೆ ನಾನು ಕಟ್ಟುನಿಟ್ಟು. ಆಷಾಢದ ಪಡುವಣ ಗಾಳಿಗೆ ಹಿನ್ನೀರಿನಲ್ಲಿ ಅಲೆ ಏಳುತ್ತದೆ, ಆಗ ಹೊಸಬರು ಇಳಿಯಲೇಬಾರದು. ಉಳಿದ ದಿನ ಬೆಳಗ್ಗೆ ಬೇಗ ಹೋಗಿ, ಮೊದಲು ಗಾಳಿಗೆ ಎದುರಾಗಿ ಹೊರಡಿ. ದಣಿದು ವಾಪಸ್ಸು ಬರುವಾಗ ಗಾಳಿಯೇ ತಳ್ಳುತ್ತದೆ. ನಾನೊಮ್ಮೆ ಉಲ್ಟಾ ಮಾಡಿದ್ದೆ, ದಡ ಕಾಣುತ್ತಿದ್ದರೂ ಹತ್ತಿರ ಬರಲಿಲ್ಲ. ನೀರು ಇಳಿದ ಕಾಲದಲ್ಲಿ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಗೋಡೆ, ಮರದ ಬೊಡ್ಡೆ ನೀರಿನ ಮಟ್ಟಕ್ಕೇ ಇರುತ್ತವೆ. ಆ ಕಡೆ ಹೋಗಬೇಡಿ. ಇಳಿಯಲು ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ಲೈಫ್ ಜಾಕೆಟ್ ಹಾಕಿ, ಒಬ್ಬರೇ ಹೋಗಬೇಡಿ.

ನನ್ನ ಅಳಿಯನಿಗೆ ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ಅಭ್ಯಾಸ. ಎರಡೂ ಮೊಣಕೈ ಮಡಚದೆ 20 ಸಲ ಹುಟ್ಟು ಹಾಕು ಅಂದೆ. ಕೈ ಮಡಚುವಂತಿಲ್ಲ, ಹಾಗಾಗಿ ನಡು ತಿರುಗಲೇಬೇಕು. ಅಂಗಿಯ ಗುಂಡಿಗಳು ಒಮ್ಮೆ ಎಡ ದಡದ ಕಡೆ, ಒಮ್ಮೆ ಬಲ ದಡದ ಕಡೆ ನೋಡಬೇಕು. ಮರುದಿನ "ಮಾಮಾ, ಪಕ್ಕಿ ಹಿಡಕೊಂಡಾವ" ಅಂದ. ರಟ್ಟೆಯ ಮಾತೇ ಎತ್ತಲಿಲ್ಲ.