ಎರಡೂವರೆ ಇಂಚು ಸಂದು ಬಿಟ್ಟು ಶಹಾಬಾದ್ ಕಲ್ಲು

"ಕಲ್ಲು ಕಾದ್ರ ಮನಿ ಭಟ್ಟಿ ಆಗ್ತದ್ರಿ, ಬ್ಯಾಡ್ರಿ." ನಾನು ಕೆಲಸ ಮಾಡಿಸುತ್ತಿದ್ದ ವಿಜಯಪುರದ ಒಂದು ಮನೆಯ ಪಡುವಣ ಗೋಡೆಗೆ ಬಿಸಿಲು ತಡೆಯಲು ಹೊರಗಿನಿಂದ ಶಹಾಬಾದ್ ಕಲ್ಲಿನ ಚಪ್ಪಡಿ ಹಾಕೋಣ ಅಂದಾಗ ನಮ್ಮ ಮೇಸ್ತ್ರಿಯೇ ಹೀಗೆ ಹೇಳಿದ್ದರು. ಗೋಡೆಗೆ ಅಂಟಿಸಿದರೆ ಭಟ್ಟಿಯೇ, ಅದು ನಿಜ. ನಾನು ಅಂಟಿಸಲಿಲ್ಲ. ನಡುವೆ ಎರಡೂವರೆ ಇಂಚು ಸಂದು ಬಿಟ್ಟೆ.

ವಿಜಯಪುರದ ಬಿಸಿಲು ಗೊತ್ತಲ್ವಾ? 9 ಇಂಚಿನ ಗೋಡೆ ಸಂಜೆ 4ರ ಬಿಸಿಲು ಕುಡಿದು ರಾತ್ರಿ 10ಕ್ಕೆ ಒಳಗೆ ಬಿಡುತ್ತದೆ. ಗೋಲಗುಮ್ಮಟಕ್ಕೆ ಸುಮಾರು 10 ಅಡಿ ದಪ್ಪದ ಗೋಡೆ. ನಮ್ಮ 30-40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು?

ಮೊದಲು ಒಂದು ಮನೆಯಲ್ಲಿ ಸಂದಿಗೆ ಜೋಳದ ಕಣಿಕೆ (ಒಣ ದಂಟು) ತುಂಬಿದ್ದೆ. ಒಂದೇ ಮಳೆಗಾಲದಲ್ಲಿ ಇಲಿ ಸಂಸಾರ ಹೂಡಿದವು. ಬಿಚ್ಚಿ ಕಟ್ಟಲು ಕೈಯಿಂದ 22 ಸಾವಿರ ಹೋಯಿತು. ಆಮೇಲೆ ಈ ಮನೆ. ಗೋಡೆ 30 ಅಡಿ ಉದ್ದ, 10 ಅಡಿ ಎತ್ತರ. ಶುರುವಿಗೆ ಸಾದಾ ಕಬ್ಬಿಣದ ಕ್ಲಿಪ್, ಸಿಮೆಂಟ್ ನಂಬಿದೆ. ಮೇ ತಿಂಗಳ ಗಾಳಿಗೆ ರಾತ್ರಿ ಒಂದು ಕಲ್ಲು ಬಿತ್ತು. 2 ಅಡಿ ಚೌಕದ ಕಲ್ಲು 30 ಕೆ.ಜಿ. ತೂಗುತ್ತದೆ. ಕೆಳಗೆ ಯಾರೂ ಇರಲಿಲ್ಲ, ಆದರೂ ಆ ವಾರ ನನಗೆ ನಿದ್ದೆ ಇಲ್ಲ. ಎಲ್ಲ ಇಳಿಸಿ ಸ್ಟೇನ್‌ಲೆಸ್ ಸ್ಟೀಲ್ ಆ್ಯಂಗಲ್, ಪಿನ್ ಹಾಕಿದೆ. ಪಿನ್ ಹೇಗೆ ಲಾಕ್ ಮಾಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಅಷ್ಟಾದರೂ ಸೆಕೆ ಕಡಿಮೆಯಾಗಲಿಲ್ಲ. ಏಣಿ ಹತ್ತಿ ನೋಡಿದೆ. ನೀಟಾಗಿ ಕಾಣಲಿ ಅಂತ ಹುಡುಗರು ಸಂದಿನ ಮೇಲ್ಬಾಯಿಗೆ ಸಿಮೆಂಟ್ ಮೆತ್ತಿದ್ದರು! ಕಾದ ಗಾಳಿ ಮೇಲೆ ಹೋಗದಿದ್ದರೆ ಸಂದು ಬಿಟ್ಟು ಏನು ಬಂತು? ಗ್ರೈಂಡರ್‌ನಿಂದ ಕೊಯ್ಯಿಸಿ, ಮೇಲೆ ಕೆಳಗೆ ಜಾಳಿಗೆ ಬಡಿಸಿದೆ. ನಾಲ್ಕು ಗಂಟೆಗೆ ಹೊರಗಿನ ಕಲ್ಲು 55-56 ಡಿಗ್ರಿ, ಕೈ ಇಡಲಾಗದು. ರಾತ್ರಿ ಒಳಗೋಡೆ ಮೊದಲು 39-40 ತೋರಿಸುತ್ತಿತ್ತು, ಈಗ 34-35. ಎಸಿ ಹತ್ತೂವರೆಗೆ ಹಾಕಿದರೆ ಎರಡಕ್ಕೆ ಆರಿಸುತ್ತಾರೆ. ಮೇ ಬಿಲ್ಲು 420 ಯೂನಿಟ್‌ನಿಂದ 280ರ ಆಸುಪಾಸಿಗೆ ಇಳಿಯಿತು. ಅದರಲ್ಲಿ ಮಾಳಿಗೆಗೆ ಬಳಿದ ಸುಣ್ಣದ ಪಾಲೂ ಇದೆ. ಸುಣ್ಣಕ್ಕೆ ಬರೀ 4 ಸಾವಿರ.

ಗೋಡೆಗೆ ಚದರ ಅಡಿಗೆ 210 ರೂಪಾಯಿ, ಒಟ್ಟು 63 ಸಾವಿರ ಬಿತ್ತು. ಬರೀ ಬಿಲ್ಲಿನ ಲೆಕ್ಕದಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಆದರೆ ಇನ್ನೊಂದು ಎಸಿಗೆ ಅಂತ ಎತ್ತಿಟ್ಟಿದ್ದ 45 ಸಾವಿರ ಮನೆಯವರ ಹತ್ತಿರವೇ ಉಳಿಯಿತು.

ತೆಂಕಣ ಕಿಟಕಿಗೆ ತೊಗರಿ ಕಟ್ಟಿಗೆಯ ತಡಿಕೆಯನ್ನೂ ಕಟ್ಟಿ ನೋಡಿದೆ. ಖರ್ಚು 300 ರೂಪಾಯಿ. ಒಂದು ಬೇಸಿಗೆ ಚೆನ್ನಾಗಿತ್ತು, ಗಾಳಿಗೆ ಹಾರಿಹೋಯಿತು. ಈ ಸಲ ಚೌಕಟ್ಟು ಮಾಡಿಸುತ್ತೇನೆ.

ಬೆಳಗಾವಿಯಲ್ಲಿ ಒಬ್ಬರು ಇದನ್ನೇ ಕೇಳಿದರು, ಬೇಡ ಅಂದೆ. ಅಲ್ಲಿ ಗೋಡೆಯ ಶತ್ರು ಮಳೆ. ಆ ದುಡ್ಡಿಗೆ ಮೂರಡಿ ಸೂರು ಚಾಚಿಸಿ, ಕೆಂಪು ಕಲ್ಲಿನ ಗೋಡೆ ನೆನೆಯದಂತೆ ನೋಡಿಕೊಂಡೆ.

ವಿಜಯಪುರದ ಮನೆಯ ಅಜ್ಜಿ ಮೊನ್ನೆ ಸಿಕ್ಕಿದ್ದರು. "ತಮ್ಮಾ, ಹಾಸಿಗಿ ಮತ್ತ ಆ ಗ್ವಾಡಿ ಕಡೀಗೇ ಹಾಕ್ಕೊಂಡೀನಿ" ಅಂದರು.